ಅರವತ್ತೆರಡರ ಹರಕೆ

ಅಕ್ಟೋಬರ್ ೨೮, ಮಂಗಳವಾರ

ಇವತ್ತು ಸಪ್ಪಲಮ್ಮನಿಗೆ ಹರಕೆ ಹೊತ್ತೆ. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲವಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಬರೆಯಬಾರದು ಎಂದು ಹೇಳಿರಲಿಲ್ಲ. ಅವರಿಗೆ ಬರೆಯಲು ಬರುತ್ತಿರಲಿಲ್ಲ. ನಾನು ಏಳನೇ ಕ್ಲಾಸು ಓದಿದವಳು, ಬರೆಯುತ್ತಿದ್ದೇನೆ.

ಹರಕೆ ಇಷ್ಟೇ. ನನ್ನ ತಮ್ಮ ಕಾಂತರಾಜುವಿನ ಅರವತ್ತೆರಡನ್ನು ಯಾರೂ ಮುರಿಯಬಾರದು. ಮುರಿಯದೆ ಉಳಿದರೆ ತಂಬಿಟ್ಟಿನ ಆರತಿಯನ್ನು ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ಗುಡಿಗೆ ತರುತ್ತೇನೆ.

ನಮ್ಮ ಊರಿನ ಕೆಳಗಿನ ಹೊಲಗಳಲ್ಲಿ ಈಗ ಗಾಲ್ಫ್ ಮೈದಾನವಿದೆ. ಹೊಲ ಹೋಯಿತು, ತಾಯಿಯ ಗುಡಿ ಉಳಿಯಿತು. ಮಂಗಳವಾರ, ಶುಕ್ರವಾರ ನಮ್ಮ ಮನೆಯ ಹೆಂಗಸು ಬಂದು ಪೂಜೆ ಮಾಡಬಹುದು ಎಂದು ಕ್ಲಬ್ಬಿನವರು ಒಪ್ಪಿದ್ದಾರೆ. ಆದರೆ ಚೆಂಡು ಬಡಿದೀತು ಎಂದು ಒಂದು ಹೆಲ್ಮೆಟ್ಟು ಕೊಟ್ಟಿದ್ದಾರೆ. ತಲೆಗೆ ಹೆಲ್ಮೆಟ್ಟು ಹಾಕಿಕೊಂಡು, ಕೈಯಲ್ಲಿ ಹಣ್ಣುಕಾಯಿ ತಟ್ಟೆ ಹಿಡಿದು ದೇವರಿಗೆ ಹೋಗುವವಳು ದೇವನಹಳ್ಳಿ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಗುಡಿಯ ಬಾಗಿಲಲ್ಲಿ ಚಪ್ಪಲಿಯ ಪಕ್ಕ ಅದನ್ನೂ ಬಿಡುತ್ತೇನೆ.

ಇದೇ ಮೈದಾನದಲ್ಲಿ ಕಾಂತರಾಜು ಒಂಬತ್ತು ವರ್ಷದ ಹಿಂದೆ ಅರವತ್ತೆರಡು ಮಾಡಿದ. ಮೊದಲು ಕೇಳಿದಾಗ ನೂರಕ್ಕೆ ಅರವತ್ತೆರಡು, ಪಾಸಾದ, ಸದ್ಯ ಎಂದುಕೊಂಡಿದ್ದೆ. ಹಾಗಲ್ಲವಂತೆ. ಹದಿನೆಂಟು ಗುಳಿಗೆ ಚೆಂಡು ಹಾಕಲು ಎಪ್ಪತ್ತೆರಡು ಏಟು ನ್ಯಾಯ. ಕಮ್ಮಿ ಏಟಿಗೆ ಮುಗಿಸಿದವನು ದೊಡ್ಡವನು. ಕ್ಲಬ್ಬಿನ ಬಾಗಿಲ ಪಕ್ಕದ ಮರದ ಹಲಗೆಯ ಮೇಲೆ ಬಂಗಾರದ ಅಕ್ಷರದಲ್ಲಿ ಅವನ ಹೆಸರಿದೆ. ಆಮೇಲೆ ಅವನು ಎಲ್ಲೂ ಗೆದ್ದಿಲ್ಲ. ಈಗ ಅಲ್ಲಿಯೇ ಆಟ ಕಲಿಸುತ್ತಾನೆ.

ಮುಂದಿನ ತಿಂಗಳು ದೇಶದ ದೊಡ್ಡ ಆಟಗಾರರೆಲ್ಲ ಬಂದು ಇಲ್ಲಿ ಆಡುತ್ತಾರಂತೆ. ಅವನ ಹೆಂಡತಿ ಕವಿತ ಫೋನಿನಲ್ಲಿ ಹೇಳಿದಳು: "ಕಮಿಟಿಯವ್ರು ಒಬ್ರು ಅಂದ್ರಂತೆ ಅಕ್ಕಾ, ರೆಕಾರ್ಡ್ ಇರೋ ತನಕ ನೀನು ನಮ್ ಕೋಚು ಕಣಪ್ಪ ಅಂತ. ಇವ್ರು ನಕ್ಕೊಂಡು ಹೇಳಿದ್ರು, ನಂಗೆ ನಗು ಬರ್ಲಿಲ್ಲ."

ನನಗೂ ಬರಲಿಲ್ಲ.

ಬರುವಾಗ ಗುಡಿಯ ಅಂಗಳದಲ್ಲಿ ಬಿದ್ದಿದ್ದ ಚೆಂಡುಗಳನ್ನು ಆರಿಸಿ, ಸೆರಗಿನಲ್ಲಿ ಒರೆಸಿ, ಮೈದಾನ ನೋಡಿಕೊಳ್ಳುವ ಬೈರಣ್ಣನ ಕೈಗೆ ಕೊಟ್ಟೆ. ಪ್ರತಿ ಸಲವೂ ಹಾಗೆಯೇ. ಪರರ ವಸ್ತು ತಾಯಿಯ ಹತ್ತಿರ ಯಾಕೆ?

ಅಕ್ಟೋಬರ್ ೩೧, ಶುಕ್ರವಾರ

ಹರಕೆಗೆ ತಾಯಿಯ ಒಪ್ಪಿಗೆ ಕೇಳಿದೆ. ನೀರಿನಲ್ಲಿ ಅದ್ದಿದ ಸೇವಂತಿಗೆಯನ್ನು ವಿಗ್ರಹದ ಹೆಗಲಿಗೆ ಅಂಟಿಸಿ ಕೂತೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ.

ಎಡಕ್ಕೆ ಬಿತ್ತು. ನೀರು ಹೆಚ್ಚಾಗಿತ್ತು. ಮತ್ತೆ ಇಟ್ಟೆ. ಬೀಳಲಿಲ್ಲ. ಸ್ವಲ್ಪ ಬಲಕ್ಕೆ ಸರಿಸಿ ಇಟ್ಟೆ. ಬಲಕ್ಕೇ ಬಿತ್ತು. ತಾಯಿ ಕೇಳಿದ್ದನ್ನು ಇಲ್ಲ ಅನ್ನುವವಳಲ್ಲ.

ನವೆಂಬರ್ ೬, ಗುರುವಾರ

ಕಾಂತರಾಜು ಊಟಕ್ಕೆ ಬಂದಿದ್ದ. ಜೊತೆಗೆ ಅವನ ಶಿಷ್ಯ ಬೀರೇಶ, ಇಲ್ಲೇ ಪಕ್ಕದ ಮಧುರೆ ಕಡೆಯ ಹುಡುಗ, ಇಪ್ಪತ್ಮೂರು ವರ್ಷ. ಕಾಂತರಾಜು ಅವನಿಗೆ ತಂದೆಯ ಸಮಾನವಂತೆ, ಅದಕ್ಕೆ ನಾನು ಅತ್ತೆ. ಸೊಪ್ಪಿನ ಸಾರಿನಲ್ಲಿ ಎರಡು ಮುದ್ದೆ ನುಂಗಿದ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ದೊಡ್ಡ ಆಟದಲ್ಲಿ ಇವನೂ ಇದ್ದಾನಂತೆ. ಇರಲಿ ಪಾಪ.

ರೆಕಾರ್ಡುಗಳು ಎಷ್ಟು ಕಾಲ ಉಳಿಯುತ್ತವೆ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ.

"ಅಮೆರಿಕಾದಲ್ಲಿ ಒಬ್ಬ ಎಂಬತ್ತು ವರ್ಷದ ಹಿಂದೆ ಒಂದಾದ್ಮೇಲೊಂದು ಹನ್ನೊಂದು ಟೂರ್ನಮೆಂಟ್ ಗೆದ್ದ ಕಣಕ್ಕ," ಎಂದ ಕಾಂತರಾಜು. "ಇವತ್ತಿನವರ್ಗೂ ಯಾರ ಕೈಲೂ ಅದನ್ನ ಅಲ್ಲಾಡ್ಸಕ್ಕಾಗಿಲ್ಲ."

"ಆತನಿಗೆ ಅಕ್ಕ ಇದ್ಲಾ?"

"ಅದ್ಯಾರಿಗ್ಗೊತ್ತೇ! ಯಾಕೆ?"

"ಸುಮ್ನೆ ಕೇಳ್ದೆ."

ಇದ್ದೇ ಇರುತ್ತಾಳೆ. ಎಂಬತ್ತು ವರ್ಷ ತಡೆದು ನಿಲ್ಲಿಸಬೇಕಾದರೆ ಸಾಮಾನ್ಯ ಹರಕೆಯಲ್ಲ.

ಒಂದು ಸುತ್ತಿಗೆ ತೀರ ಕಮ್ಮಿ ಎಂದರೆ ಅಮೆರಿಕಾದ ದೊಡ್ಡ ಟೂರಿನಲ್ಲಿ ಐವತ್ತೆಂಟಂತೆ. ನಮ್ಮ ಯಜಮಾನರು ಡೇರಿಯ ಸೆಕ್ರೆಟರಿಯಾಗಿದ್ದವರು. "ನಮ್ ಕಾಲ್ದಲ್ಲಿ ಐವತ್ತೆಂಟಾದ್ರೆ ಶಾಲು ಹೊದ್ಸಿ ಮನೆಗೆ ಕಳ್ಸೋರು. ಇವ್ರು ಕಪ್ ಕೊಡ್ತಾರಾ?" ಎಂದರು. ಬೀರೇಶ ಪಲ್ಯ ನೆತ್ತಿಗೇರುವ ಹಾಗೆ ನಕ್ಕ.

ಹೋಗುವಾಗ ಅವನು ತನ್ನ ಚೆಂಡು ತೋರಿಸಿದ. ಕೆಂಪು ಪೆನ್ನಿನಲ್ಲಿ ಪುಟ್ಟ ತ್ರಿಶೂಲ ಬರೆದಿತ್ತು. "ಎಲ್ಲರ ಚೆಂಡೂ ಒಂದೇ ತರ ಇರ್ತವಲ್ಲ ಅತ್ತೆ, ಅದಕ್ಕೆ ಗುರುತು. ನಿಮ್ ಸಪ್ಪಲಮ್ಮನ ತ್ರಿಶೂಲ ಇದು."

ಒಳ್ಳೆಯ ಹುಡುಗ. ತಾಯಿ ಇವನನ್ನು ಚೆನ್ನಾಗಿಟ್ಟಿರಲಿ.

ನವೆಂಬರ್ ೧೮, ಮಂಗಳವಾರ

ಆಟ ಶುರುವಾಯಿತು. ನಾಲ್ಕು ದಿನ, ದಿನಕ್ಕೊಂದು ಸುತ್ತು. ಪೂಜೆಗೆ ಬಿಡುತ್ತೇವೆ, ಆದರೆ ಒಳಗೆ ಕೂತ ಮೇಲೆ ಆಟಗಾರರೆಲ್ಲ ದಾಟುವವರೆಗೆ ಹೊರಗೆ ಬರಬಾರದು ಎಂದರು. ನಮ್ಮ ಗುಡಿ ಹದಿನೈದನೇ ಗುಳಿಯ ದಾರಿಯಲ್ಲಿದೆ. ಏಟು ಹೊಡೆಯುವವರಿಗೆ ಕಾಣುವುದಿಲ್ಲ, ನಡುವೆ ದಿಬ್ಬ. ದಿಬ್ಬದ ಮೇಲಿಂದ ಚೆಂಡು ಆಕಾಶದಿಂದ ಬಿದ್ದ ಹಾಗೆ ಬೀಳುತ್ತದೆ.

ಕಾಂತರಾಜು ಆಡುತ್ತಿಲ್ಲ. ಅದಲ್ಲ ವಿಷಯ. ಬೀರೇಶನ ಬ್ಯಾಗು ಹೊತ್ತು ಹಿಂದೆ ಹಿಂದೆ ನಡೆಯುತ್ತಿದ್ದಾನೆ! ಹಲಗೆಯ ಮೇಲೆ ಬಂಗಾರದ ಹೆಸರಿರುವವನು ಶಿಷ್ಯನ ಬ್ಯಾಗು ಹೊರುವುದೇ? ಗುಡಿಯ ಮುಂದೆ ದಾಟುವಾಗ ನನ್ನನ್ನು ನೋಡಿ ಹಲ್ಲು ಕಿರಿದ. ನನಗೆ ಕಣ್ಣೀರು ಬಂತು. ಅವಮಾನವನ್ನು ನಗುವಿನಲ್ಲಿ ಮುಚ್ಚಿಡುವುದು ನಮ್ಮ ಮನೆತನದ ಅಭ್ಯಾಸ.

ನವೆಂಬರ್ ೨೦, ಗುರುವಾರ

ಅಮಾವಾಸ್ಯೆ. ಬೀರೇಶ ಮೂರು ದಿನವೂ ಅರವತ್ತೆಂಟರ ಆಸುಪಾಸು. ಮುಂದಿರುವವನಿಗಿಂತ ಬಹಳ ಹಿಂದಿದ್ದಾನೆ. ಯಾರೂ ಅರವತ್ತೈದರ ಕೆಳಗೆ ಇಳಿದಿಲ್ಲ. ಬೆಳಗಿನ ಇಬ್ಬನಿಗೆ ಹುಲ್ಲು ಭಾರ, ಚೆಂಡು ಗುಳಿಯವರೆಗೆ ಉರುಳುವುದಿಲ್ಲ. ಹನ್ನೊಂದರ ಮೇಲೆ ಬಿಸಿಲಿಗೆ ಚುರುಕಾಗುತ್ತದೆ. ಆಗ ಆಡುವವರ ಮೇಲೆ ಕಣ್ಣಿಡಬೇಕು.

ಬೈರಣ್ಣ ಕೇಳಿದ: "ಏನ್ ಪಾಪಕ್ಕ, ನೀನೂ ಬೆಟ್ ಕಟ್ಟಿದೀಯಾ?" ಥೂ ಎಂದೆ.

ನವೆಂಬರ್ ೨೧, ಶುಕ್ರವಾರ

ಮುರಿಯಲಿಲ್ಲ. ಬೀರೇಶನದೂ ಅರವತ್ತೆರಡು. ಸಮ ಆಯಿತು, ಮುರಿಯಲಿಲ್ಲ. ತಾಯಿ ದೊಡ್ಡವಳು.

ಬರೆಯಲು ಕೈ ಓಡುತ್ತಿಲ್ಲ.

ನವೆಂಬರ್ ೨೨, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ನಿನ್ನೆ ಗುಡಿಯೊಳಗೆ ಕೂತಿದ್ದೆ. ಹೊರಗೆ ಬೈರಣ್ಣ ವಾಕಿಟಾಕಿಯಲ್ಲಿ ಯಾರಿಗೋ ಹೇಳುತ್ತಿದ್ದ: "ಬೀರೇಶ ಹದಿನಾಲ್ಕು ಗುಳಿಗೆ ಒಂಬತ್ತು ಕಮ್ಮಿ ಮಾಡವ್ನೆ ಗುರು! ಇವತ್ತು ಬೋರ್ಡು ಬದಲಾಯ್ಸದೇಯಾ!" ಬೇರೆ ಊರಿನ ದೊಡ್ಡವರ ಮೇಲೆ ಕಣ್ಣಿಟ್ಟು ಕೂತಿದ್ದೆ, ಮುದ್ದೆ ನುಂಗಿದವನು ಎದ್ದು ಬಂದಿದ್ದ. ಬೈರಣ್ಣ ಮುಂದಿನ ಗುಳಿಯ ಕಡೆ ಓಡಿದ.

ತಾಯೀ, ಮಾತು ಕೊಟ್ಟಿದ್ದೀಯ ಎಂದೆ. ಅಷ್ಟರಲ್ಲಿ ದಿಬ್ಬದ ಮೇಲಿಂದ ಚೆಂಡು ಬಂತು. ಗುಡಿಯ ಮುಂದಿನ ಹೊಂಗೆಯ ಬೇರಿಗೆ ಬಡಿಯಿತು, ಪುಟಿಯಿತು, ಉರುಳಿಕೊಂಡು ಬಂದು ಗುಡಿಯ ಹೊಸಿಲ ಮೇಲೆ ನಿಂತಿತು. ಬಾಗಿದೆ. ಕೆಂಪು ತ್ರಿಶೂಲ.

ಎತ್ತಿಕೊಂಡೆ. ಕುಂಕುಮ ಹಚ್ಚಿ ತಾಯಿಯ ಬೆನ್ನ ಹಿಂದೆ ಇಟ್ಟೆ. ತಾಯಿಯ ಹೊಸಿಲಿಗೆ ಬಂದದ್ದು ತಾಯಿಯದು. ಇದು ಮೊದಲಿನಿಂದ ಬಂದ ಪದ್ಧತಿ. ನಾನು ಮಾಡಿದ್ದಲ್ಲ.

ಆಮೇಲೆ ಗಂಟೆ ತೆಗೆದುಕೊಂಡು ಮಂಗಳಾರತಿಗೆ ಕೂತೆ. ಹೊತ್ತಾಗಿತ್ತು.

ಅವರು ಬಂದರು. ಬೀರೇಶ, ಕಾಂತರಾಜು, ಒಬ್ಬ ಅಂಪೈರು. ಹುಲ್ಲೆಲ್ಲ ಕೆದಕಿದರು, ಲಂಟಾನ ಪೊದೆ ಬಗ್ಗಿಸಿ ನೋಡಿದರು. ಹುಡುಕಲು ಮೂರೇ ನಿಮಿಷ ಕೊಡುವುದಂತೆ. ಅಷ್ಟರೊಳಗೆ ಸಿಗದಿದ್ದರೆ ಹಿಂದೆ ಹೋಗಿ ಮತ್ತೆ ಹೊಡೆಯಬೇಕು, ಮೇಲೆ ಒಂದು ಏಟು ದಂಡ.

"ಅಕ್ಕಾ! ಇಲ್ಲಿ ಚೆಂಡು ಬಂತೇನೇ?" ಎಂದು ಕಾಂತರಾಜು ಕೂಗಿದ.

ಪೂಜೆಯ ನಡುವೆ ಮಾತಾಡಬಾರದು. ಗಂಟೆ ಬಾರಿಸಿದೆ.

"ಅಕ್ಕಾ, ನೋಡಿದ್ರೆ ಹೇಳೇ! ಗುಡಿ ಹತ್ರ ಬಿದ್ರೆ ದಂಡ ಇಲ್ಲ, ಪಕ್ಕಕ್ಕಿಟ್ಟು ಆಡ್ಬೋದು! ಯಾರಾದ್ರು ಎತ್ಕೊಂಡಿದ್ರೂ ದಂಡ ಇಲ್ಲ!"

ಗಂಟೆ ಬಾರಿಸಿದೆ.

ಬೀರೇಶ ಬಾಗಿಲಿಗೆ ಬಂದು ಒಳಗೆ ಇಣುಕಿದ. ತಾಯಿಯನ್ನು ನೋಡಿ ಟೋಪಿ ತೆಗೆದು ಕೈ ಮುಗಿದ. "ಪೂಜೇಲವ್ರೆ ಸರ್, ತೊಂದ್ರೆ ಕೊಡೋದು ಬೇಡ. ನಾನೇ ಸೊಟ್ಟಗೆ ಹೊಡ್ದಿರ್ತೀನಿ," ಎಂದು ದಿಬ್ಬ ಹತ್ತಿ ಹೋದ.

ನಾಲ್ಕು ಏಟಿನ ಗುಳಿಗೆ ಐದಾಯಿತು. ಚೆಂಡು ಸಿಕ್ಕಿದ್ದರೆ ಮೂರಕ್ಕೆ ಮುಗಿಯುತ್ತಿತ್ತು, ಎರಡನೇ ಸಲ ಅಷ್ಟು ಚೆನ್ನಾಗಿ ಆಡಿದ. ಆಗ ಅರವತ್ತಾಗುತ್ತಿತ್ತು. ಒಂದೇ ಒಂದು ಏಟಿನಲ್ಲಿ ಕಪ್ಪೂ ಹೋಯಿತಂತೆ. ಗೆದ್ದಿದ್ದರೆ ಮುಂದಿನ ವರ್ಷವೆಲ್ಲ ಅರ್ಹತೆಯ ಸುತ್ತು ಆಡದೆ ನೇರವಾಗಿ ಎಲ್ಲ ಕಡೆಯೂ ಆಡಬಹುದಿತ್ತಂತೆ.

ನಾನು ಸುಳ್ಳು ಹೇಳಿಲ್ಲ. ಒಂದು ಮಾತನ್ನೇ ಆಡಿಲ್ಲ.

ನವೆಂಬರ್ ೨೩, ಭಾನುವಾರ

ಶಾವಿಗೆ ಪಾಯಸ ಮಾಡಿಕೊಂಡು ಕಾಂತರಾಜುವಿನ ಮನೆಗೆ ಹೋದೆ. ಸಂತೋಷವಾಗಿರುತ್ತಾನೆ ಎಂದುಕೊಂಡಿದ್ದೆ. ಅಂಗಳದಲ್ಲಿ ಆಟದ ಕೋಲುಗಳನ್ನು ಒರೆಸುತ್ತ ಕೂತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ.

"ತಿನ್ನೋ, ನಿನ್ ಹೆಸರು ಉಳೀತಲ್ಲ," ಎಂದೆ.

"ಉಳೀತು. ಉಳ್ಕೊಂಡು ಏನ್ ಮಾಡ್ಬೇಕು?" ಎಂದ. "ಒಂಬತ್ತು ವರ್ಷದಿಂದ ಅದನ್ನ ಮುರಿಯೋನ್ನ ತಯಾರ್ ಮಾಡ್ತಿದ್ದೆ ಕಣಕ್ಕ. ಇನ್ಯಾರೋ ಮುರಿದ್ರೆ ನಾನು ಸೋತೋನು. ನನ್ ಹುಡುಗ ಮುರಿದಿದ್ರೆ ನಾನು ಮುರಿಸಿದೋನು."

"ಮತ್ತೆ ಕಮಿಟಿಯವ್ರು? ರೆಕಾರ್ಡ್ ಇರೋ ತನಕ ಕೋಚು ಅಂದ್ರಂತೆ?"

"ಅಯ್ಯೋ, ಅದು ತಮಾಷೆಗೆ ಅಂದಿದ್ದು ಕಣೆ! ಬೀರೇಶ ಗೆದ್ರೆ ಇಲ್ಲೇ ಒಂದು ಶಾಲೆ ಶುರು ಮಾಡಿ ನನ್ ಕೈಗೆ ಕೊಡ್ತೀವಿ ಅಂದಿದ್ರು. ಈಗ ನೋಡೋಣ ಅಂತಾವ್ರೆ."

ಕವಿತ ಒಳಗಿನಿಂದ, "ಬೋರ್ಡಿನ ಮೇಲೆ ಇಬ್ರ ಹೆಸರೂ ಬರೀತಾರಂತೆ ಅಕ್ಕಾ," ಎಂದಳು. ಕಾಂತರಾಜು ಒರೆಸಿದ ಕೋಲನ್ನೇ ಮತ್ತೆ ಎತ್ತಿಕೊಂಡ.

ಪಾಯಸ ಹಾಗೆಯೇ ವಾಪಸು ಬಂತು. ಯಜಮಾನರು ತಿಂದರು.

ನವೆಂಬರ್ ೨೫, ಮಂಗಳವಾರ

ಪೂಜೆ ಆಯಿತು. ತಾಯಿಯ ಬೆನ್ನ ಹಿಂದೆ ನೋಡಲಿಲ್ಲ. ಅಂಗಳದಲ್ಲಿ ಎರಡು ಚೆಂಡು ಬಿದ್ದಿದ್ದವು. ಬೈರಣ್ಣನಿಗೆ ಕೊಟ್ಟೆ.

ಡಿಸೆಂಬರ್ ೨, ಮಂಗಳವಾರ

ಬೀರೇಶ ಗುಡಿಯ ಹತ್ತಿರ ಲಂಟಾನದ ಪೊದೆಯಲ್ಲಿ ಕೋಲಿನಿಂದ ಕೆದಕುತ್ತಿದ್ದ. ಮುಂಗೈ ತುಂಬ ಮುಳ್ಳು ಗೀರಿದ ಗೆರೆ.

"ಏನ್ ಹುಡುಕ್ತಿದೀಯೋ?"

"ಅವತ್ತಿಂದು ಅತ್ತೆ. ದಿನಾ ಬರ್ತೀನಿ."

"ಅದಿನ್ನೇನಕ್ಕಪ್ಪ? ಆಟ ಮುಗೀತಲ್ಲ."

"ಎಲ್ಲಿ ಬಿತ್ತು ಅಂತ ಗೊತ್ತಾಗ್ಬೇಕು. ನಾನು ನೆಟ್ಟಗೆ ಹೊಡ್ದೆ ಅಂತ್ಲೇ ಅನ್ಕೊಂಡಿದ್ದೆ. ಕೈಗೆ ಹಂಗೇ ಅನ್ಸಿತ್ತು. ಈಗ ನನ್ ಕೈ ಹೇಳಿದ್ದನ್ನ ನಾನು ನಂಬಂಗಿಲ್ಲ."

ಬೈರಣ್ಣ ಹೇಳಿದ: ಹುಡುಗ ಆಡುವುದನ್ನೇ ಮರೆತವನ ಹಾಗಾಗಿದ್ದಾನೆ. ಹದಿನೈದಕ್ಕೆ ಬಂದರೆ ಬಲಕ್ಕೆ ಹೋದೀತೆಂದು ಹೆದರಿ ಎಡಕ್ಕೆ ಹೊಡೆದು ಕುಂಟೆಯ ನೀರಿಗೆ ಹಾಕುತ್ತಾನೆ. ನಿನ್ನೆ ಕ್ಲಬ್ಬಿನ ಮೆಂಬರುಗಳ ಜೊತೆ ಆಡಿದ್ದು ಎಪ್ಪತ್ತೊಂಬತ್ತು. ಕಾಂತರಾಜು ಬೈದ, ಮುದ್ದು ಮಾಡಿದ, ಜಡಿಗೇನಹಳ್ಳಿಯ ಯಾರೋ ಶಾಸ್ತ್ರದವರ ಹತ್ತಿರ ದೃಷ್ಟಿ ತೆಗೆಸಿದ. ಏನೂ ಆಗಲಿಲ್ಲ.

ಎಪ್ಪತ್ತೊಂಬತ್ತು! ಆ ಹುಡುಗನ ಕೈಗೆ ಎಪ್ಪತ್ತೊಂಬತ್ತು ಎಂದರೆ ನಂಬುವ ಮಾತಲ್ಲ. ಗುಳಿಯ ಹತ್ತಿರದ ಆಟ ಅಷ್ಟು ಚೆನ್ನಾಗಿದ್ದವನು.

ಡಿಸೆಂಬರ್ ೫, ಶುಕ್ರವಾರ

ತಾಯಿಯನ್ನು ಕೇಳಿದೆ: ಚೆಂಡು ನಿನ್ನ ಹತ್ತಿರವೇ ಇರಲಿ ಎನ್ನುವುದಾದರೆ ಬಲಕ್ಕೆ ಕೊಡು.

ಎಡಕ್ಕೆ ಬಿತ್ತು. ನೀರು ಹೆಚ್ಚಾಗಿತ್ತು. ವಿಗ್ರಹವನ್ನು ಒರೆಸಿ ಮತ್ತೆ ಇಟ್ಟೆ. ಎಡಕ್ಕೆ. ಹೂವನ್ನು ಹಿಂಡಿ, ಬಲಕ್ಕೆ ಸರಿಸಿ ಇಟ್ಟೆ. ಎಡಕ್ಕೇ ಬಿತ್ತು, ಹೇಗೆ ಬಿತ್ತೋ ತಿಳಿಯದು. ತಾಯಿಗೂ ಹಟ ಬಂದರೆ ಹೀಗೆಯೇ.

ಸರಿ, ಹೇಳಿಬಿಡಬೇಕು ಅನ್ನುವುದಾದರೆ, ಎಂದು ಕೇಳಲು ಶುರು ಮಾಡಿದೆ. ಮಾತು ಮುಗಿದಿರಲಿಲ್ಲ, ಹೂವು ಸರಿಯಾಗಿ ಅಂಟಿರಲೂ ಇಲ್ಲ. ಬಲಕ್ಕೆ ಬಿತ್ತು.

ನೀರು ಹೆಚ್ಚಾಗಿತ್ತೇನೋ.

ಡಿಸೆಂಬರ್ ೬, ಶನಿವಾರ

ಪೂಜೆಯ ದಿನವಲ್ಲದಿದ್ದರೂ ಹೋದೆ. ಬೈರಣ್ಣ ಹೆಲ್ಮೆಟ್ಟು ಕೊಟ್ಟು ಸುಮ್ಮನೆ ಬಿಟ್ಟ. ಕಾಂತರಾಜು, ಬೀರೇಶ ಇಬ್ಬರನ್ನೂ ಗುಡಿಗೆ ಕರೆದೆ. ತಾಯಿಯ ಬೆನ್ನ ಹಿಂದಿನಿಂದ ಚೆಂಡು ತೆಗೆದು ಬೀರೇಶನ ಕೈಗೆ ಇಟ್ಟೆ. ಕುಂಕುಮ ಒಣಗಿ ಅಂಟಿತ್ತು. ತ್ರಿಶೂಲ ಕಾಣುತ್ತಿತ್ತು.

"ನಾನೇ ಎತ್ತಿಟ್ಟೆ," ಎಂದೆ. ಹರಕೆಯನ್ನೂ ಹೇಳಿದೆ.

ಹುಡುಗ ಬೈಯುತ್ತಾನೆ, ಚೆಂಡು ಎಸೆಯುತ್ತಾನೆ, ಎಸೆದರೆ ಹೆಲ್ಮೆಟ್ಟು ಇದೆ ಎಂದು ನಿಂತಿದ್ದೆ.

"ಎಲ್ಲಿ ಬಿದ್ದಿತ್ತು ಅತ್ತೆ?" ಎಂದು ಬೀರೇಶ ಕೇಳಿದ. "ಸರಿಯಾಗಿ ತೋರ್ಸಿ."

ಹೊಂಗೆಯ ಬೇರು ತೋರಿಸಿದೆ, ಹೊಸಿಲು ತೋರಿಸಿದೆ. ಅವನು ಬೇರಿನಿಂದ ದಿಬ್ಬದ ಕಡೆ ನೋಡಿದ, ದಿಬ್ಬದಿಂದ ಬೇರಿನ ಕಡೆ ನೋಡಿದ.

"ಬೇರಿಗೆ ಬಡಿದು ಬಂತಾ? ಬೇರಿಗೇ?"

"ತಾಯಿ ಆಣೆಗೂ."

"ಸರ್!" ಎಂದು ಕೂಗಿದ. "ಹೊಂಗೆ ತುದಿ ನೋಡ್ಕೊಂಡು ಬೇರಿನ್ ಪಕ್ಕಾನೇ ಸರ್ ನಾನು ಗುರಿ ಇಟ್ಟಿದ್ದು! ಒಂದು ಗೇಣು ಆಚೆ ಬಿದ್ದೈತೆ, ಅಷ್ಟೇ! ನೆಟ್ಟಗೇ ಹೊಡ್ದಿದೀನಿ ಸರ್!" ಚೆಂಡನ್ನು ಜೇಬಿಗೆ ಹಾಕಿಕೊಂಡು ದಿಬ್ಬದ ಕಡೆ ಓಡಿಯೇಬಿಟ್ಟ. ಕಪ್ಪು ಹೋದದ್ದು, ಹಲಗೆ, ನಾನು, ಯಾವುದೂ ಅವನಿಗೆ ನೆನಪಿದ್ದ ಹಾಗೆ ಕಾಣಲಿಲ್ಲ.

ಕಾಂತರಾಜುವಿಗೆ ನೆನಪಿತ್ತು. ಇದನ್ನು ಆಟದ ದೊಡ್ಡವರಿಗೆ ನಾನೇ ಹೇಳುತ್ತೇನೆ ಎಂದೆ. ಪ್ರಯೋಜನವಿಲ್ಲ, ಎರಡನೇ ಚೆಂಡು ಹೊಡೆದ ಮೇಲೆ ಮೊದಲನೆಯದು ಸಿಕ್ಕರೂ ಲೆಕ್ಕಕ್ಕಿಲ್ಲ ಎಂದ. ಹೊಸಿಲಿನ ಕಡೆ ತಿರುಗಿದ.

"ಹರಕೆ ಫಲಿಸ್ತಲ್ಲಕ್ಕ," ಎಂದ. "ತೀರ್ಸು."

ಡಿಸೆಂಬರ್ ೧೨, ಶುಕ್ರವಾರ

ತೀರಿಸಿದೆ. ಹೊತ್ತ ಮೇಲೆ ತೀರಿಸಲೇಬೇಕು. ಹುರಿದ ಅಕ್ಕಿಯ ಹಿಟ್ಟು, ಬೆಲ್ಲ ಸೇರಿಸಿ ತಂಬಿಟ್ಟು ಕಲಸಿ, ನಡುವೆ ಗುಳಿ ಮಾಡಿ ತುಪ್ಪ ಹಾಕಿ ಬತ್ತಿ ಹಚ್ಚಿದೆ. ಹೆಲ್ಮೆಟ್ಟಿಲ್ಲದೆ ಬಿಡುವುದಿಲ್ಲ ಎಂದು ಗೇಟಿನಲ್ಲಿ ತಡೆದರು. ಹೆಲ್ಮೆಟ್ಟಿನ ಮೇಲೆ ದೀಪ ಹೇಗೆ ನಿಲ್ಲುತ್ತದಪ್ಪ ಎಂದು ಜಗಳವಾಡುತ್ತಿದ್ದೆ. ಕೊನೆಗೆ ನಾನು ಗುಡಿ ಮುಟ್ಟುವ ತನಕ ಹದಿನೈದನೇ ಗುಳಿಯ ಆಟ ನಿಲ್ಲಿಸಿದವನು ಬೀರೇಶ. ಅವನೇ ಮುಂದೆ ಮುಂದೆ ನಡೆದು, "ದಾರಿ ಬಿಡಿ ಸರ್, ಆರತಿ," ಎಂದು ದೊಡ್ಡ ದೊಡ್ಡ ಮನುಷ್ಯರನ್ನು ಪಕ್ಕಕ್ಕೆ ಸರಿಸಿದ.

ಯಾವ ಹರಕೆಯ ಆರತಿ ಎಂದು ಅವನಿಗೆ ಗೊತ್ತು. ನಾನು ತಲೆ ಎತ್ತಲಿಲ್ಲ. ದೀಪ ಆರೀತೆಂದು.

ಕಾಂತರಾಜು ಬರಲಿಲ್ಲ. ಅವನ ಪಾಲಿನ ತಂಬಿಟ್ಟನ್ನು ಬೀರೇಶನ ಕೈಲಿ ಕಳಿಸಿದೆ. ದಾರಿಯಲ್ಲಿ ಇವನೇ ಅರ್ಧ ತಿಂದಿರುತ್ತಾನೆ.

ಡಿಸೆಂಬರ್ ೧೯, ಶುಕ್ರವಾರ

ಕಾಂತರಾಜು ಗುಡಿಯ ಮುಂದೆ ದಾಟಿದ. ಮಾತಾಡಲಿಲ್ಲ. ಆದರೆ ಹೆಲ್ಮೆಟ್ಟು ಬಿಸಿಲಿನಲ್ಲಿತ್ತು, ಕಾಲಿನಿಂದ ನೆರಳಿಗೆ ಸರಿಸಿ ಹೋದ.

ಡಿಸೆಂಬರ್ ೩೦, ಮಂಗಳವಾರ

ವೈಕುಂಠ ಏಕಾದಶಿ. ಉಪವಾಸ.

ಹಲಗೆಯ ಮೇಲೆ ಎರಡನೇ ಹೆಸರು ಬರೆದಿದ್ದಾರೆ ಎಂದು ಬೈರಣ್ಣ ಹೇಳಿದ. ನೋಡಲು ಹೋಗಲಿಲ್ಲ. ಎರಡೂ ಹೆಸರಿಗೆ ಅದೇ ಅರವತ್ತೆರಡು. ಬಂಗಾರದ ಬಣ್ಣ ದಂಡ.

ಇವತ್ತು ಬೀರೇಶ ಒಬ್ಬನೇ ಸುತ್ತು ಆಡುತ್ತಿದ್ದ, ಕಾಂತರಾಜು ಬ್ಯಾಗು ಹೊತ್ತಿದ್ದ. ಬಿಸಿಲು ಏರಿತ್ತು, ಹುಲ್ಲು ಚುರುಕಾಗಿತ್ತು, ಗಾಳಿ ಹಿಂದಿನಿಂದ. ಹೊಡೆಯುವವನಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ತಾಯಿಯನ್ನು ಏನನ್ನೂ ಕೇಳಬಾರದು ಎಂದುಕೊಂಡಿದ್ದೆ. ಅರವತ್ತೊಂದು ಎಂದು ಬಾಯಿಯವರೆಗೆ ಬಂತು, ನುಂಗಿಕೊಂಡೆ.

ಮಂಗಳಾರತಿ ಎತ್ತಿದ್ದೆ, ಗಂಟೆ ಕೈಯಲ್ಲಿತ್ತು. ದಿಬ್ಬದ ಮೇಲಿಂದ ಚೆಂಡು ಬಂತು. ಅದೇ ಹೊಂಗೆಯ ಬೇರು. ಪುಟಿಯಿತು, ಉರುಳಿತು, ಹೊಸಿಲಿನ ಕೆಳಗೆ ಎಲೆಗಳ ನಡುವೆ ಹೂತುಕೊಂಡಿತು. ಹೊರಗಿನಿಂದ ಬಂದವರಿಗೆ ಕಾಣುವ ಜಾಗವಲ್ಲ.

ಕೈ ಎರಡನ್ನೂ ಸೆರಗಿನೊಳಗೆ ಸುತ್ತಿಕೊಂಡೆ, ಗಂಟೆಯ ಸಮೇತ.

ಇಬ್ಬರೂ ದಿಬ್ಬ ಇಳಿದು ಬಂದರು. ಆ ಕಡೆ ಈ ಕಡೆ ನೋಡಿದರು. ಕಾಂತರಾಜು ಚೆಂಡು ಕೊಟ್ಟ ದಿನದಿಂದ ಇವತ್ತಿನವರೆಗೆ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಗುಡಿಯ ಬಾಗಿಲಿಗೆ ಬಂದು, ನನ್ನ ಮುಖ ನೋಡದೆ, ಹೊಂಗೆಯ ಮರವನ್ನು ನೋಡುತ್ತ ಕೇಳಿದ:

"ಅಕ್ಕಾ. ಇಲ್ಲಿ ಚೆಂಡು ಬಂತೇನೇ?"

ಪೂಜೆಯ ನಡುವೆ ಮಾತಾಡಬಾರದು. "ಬಂತು ಕಣೋ! ಅಗೋ, ಎಲೆ ಕೆಳಗೆ! ಬೇರಿಗೆ ಬಡೀತು, ನೆಟ್ಟಗೇ ಬಂತು! ನಾನು ಮುಟ್ಟಿಲ್ಲ!" ಎಂದು ಆಚೆಯ ಗುಳಿಯಲ್ಲಿ ಆಡುತ್ತಿದ್ದವರೂ ಕೋ‌ಲು ಇಳಿಸಿ ತಿರುಗಿ ನೋಡುವ ಹಾಗೆ ಕೂಗಿದೆ.

ಆಮೇಲೆ ತಾಯಿಯ ಕಡೆ ತಿರುಗಿದೆ. ಅಲಂಕಾರಕ್ಕೆ ಹೆಗಲ ಮೇಲೆ ಇಟ್ಟಿದ್ದ ಹೂವು ಎಡಕ್ಕೂ ಬೀಳದೆ ಬಲಕ್ಕೂ ಬೀಳದೆ ಇದ್ದಲ್ಲೇ ಇತ್ತು.